ಏಳನೇ ಕ್ಲಾಸು ಯಾಕೆ ಸುಮ್ಮನಿರುವುದಿಲ್ಲ?

ಪ್ರಶ್ನೆ: ನಾನು ದಕ್ಷಿಣ ಕನ್ನಡದವಳು, ವಯಸ್ಸು 27. ಬಿ.ಎಸ್ಸಿ., ಬಿ.ಇಡಿ. ಮುಗಿಸಿ, ಟಿಇಟಿ ಪಾಸಾಗಿ, ಪದವೀಧರ ಪ್ರಾಥಮಿಕ ಶಿಕ್ಷಕಿಯಾಗಿ ಆಯ್ಕೆಯಾದೆ. ಈ ಜೂನ್‌ನಿಂದ ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟರವರೆಗೆ ಗಣಿತ, ವಿಜ್ಞಾನ ಕಲಿಸುತ್ತಿದ್ದೇನೆ. ಆರು, ಎಂಟು ಹೇಗೋ ನಡೆಯುತ್ತವೆ. ಏಳನೇ ತರಗತಿ ಮಾತ್ರ ಕೈಗೆ ಸಿಗುತ್ತಿಲ್ಲ. 41 ಮಕ್ಕಳಿದ್ದಾರೆ, ಬೋರ್ಡಿನ ಕಡೆ ತಿರುಗಿದರೆ ಸಾಕು, ಸಂತೆ. ನಾನು ‘ಎಂತ’, ‘ಉಂಟು’ ಅಂದರೆ ನಗುತ್ತಾರೆ. ಹಿಂದೆ ಕೂರುವ ಇಬ್ಬರು ಹುಡುಗರು ಪುಸ್ತಕವನ್ನೇ ತೆಗೆಯುವುದಿಲ್ಲ. ಕಿರುಚಿ ಕಿರುಚಿ ನನ್ನ ಗಂಟಲು ಕಟ್ಟಿದೆ. ಪಕ್ಕದ ಕೋಣೆಯ ಹಿರಿಯ ಮೇಷ್ಟ್ರು ಬಾಗಿಲಿಗೆ ಬಂದು ನಿಂತರೆ ಮಾತ್ರ ತರಗತಿ ತಣ್ಣಗಾಗುತ್ತದೆ. ‘ಒಂದು ಬೆತ್ತ ಇಟ್ಕೊಳ್ರಿ ಮೇಡಂ’ ಅಂತ ಅವರ ಸಲಹೆ. ನನಗೆ ಹೊಡೆಯಲು ಇಷ್ಟವಿಲ್ಲ, ಆದರೆ ಹೊಡೆಯದೆ ಆಗುವುದಿಲ್ಲವೇನೋ ಎಂದೂ ಅನಿಸತೊಡಗಿದೆ. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ. ನಾನು ಈ ಕೆಲಸಕ್ಕೆ ಲಾಯಕ್ಕಲ್ಲವೇ?
— ಹೆಸರು ಬೇಡ

ಉತ್ತರ: ಆರು, ಎಂಟು ಹೇಗೋ ನಡೆಯುತ್ತವೆ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಆ ಎರಡು ತರಗತಿಗಳಿಗೂ ಹೋಗುವುದು ನೀವೇ. ಅದೇ ದನಿ, ಅದೇ ಮಂಗಳೂರು ಕನ್ನಡ, ಅದೇ ಬರಿಗೈ. ಅಲ್ಲಿ ನಡೆಯುತ್ತದೆ ಎಂದಮೇಲೆ ಲಾಯಕ್ಕಿನ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ. ಕೇಳಬೇಕಾದದ್ದು ಏಳನೇ ತರಗತಿಯಲ್ಲಿ ಏನಾಗಿದೆ ಎಂದು. ನಿಮ್ಮ ಪತ್ರದಲ್ಲಿ 41 ಎಂಬ ಸಂಖ್ಯೆ ಇದೆ. ಆ 41ರಲ್ಲಿ ಎಷ್ಟು ಜನಕ್ಕೆ ಭಾಗಾಕಾರ ಬರುತ್ತದೆ ಎಂಬುದಿಲ್ಲ. ಈಗ ಯಾವ ಪಾಠ ನಡೆಯುತ್ತಿದೆ, ನಿಮ್ಮ ಪಿರಿಯಡ್ಡು ಬೆಳಿಗ್ಗೆಯದೋ ಊಟದ ನಂತರದ್ದೋ, ಅದೂ ಇಲ್ಲ. ಇರುವುದೆಲ್ಲ ಗದ್ದಲದ ವಿವರ.

ಹನ್ನೆರಡು–ಹದಿಮೂರರ ವಯಸ್ಸಿನಲ್ಲಿ ಮಕ್ಕಳಿಗೆ ಒಂದು ಲೆಕ್ಕ ಮಾತ್ರ ತಪ್ಪದೆ ಬರುತ್ತದೆ: ದಡ್ಡ ಅನಿಸಿಕೊಳ್ಳುವುದಕ್ಕಿಂತ ತುಂಟ ಅನಿಸಿಕೊಳ್ಳುವುದು ಲೇಸು. ಬೋರ್ಡಿನ ಮೇಲಿರುವುದು ಅರ್ಥವಾಗದಿದ್ದರೆ ಅವರ ಮುಂದೆ ಇರುವುದು ಎರಡೇ ದಾರಿ. ಗೊತ್ತಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು, ಇಲ್ಲವೇ ಪಕ್ಕದವನ ಪೆನ್ನು ಕಿತ್ತುಕೊಳ್ಳಬೇಕು. ಆರನೆಯವರಿಗೆ ಇನ್ನೂ ಆ ನಾಚಿಕೆ ಅಷ್ಟಾಗಿ ಬಂದಿರುವುದಿಲ್ಲ. ಎಂಟನೆಯವರಿಗೆ ಮುಂದಿನ ವರ್ಷದ ಹೈಸ್ಕೂಲಿನ ಚಿಂತೆ ಸಣ್ಣಗೆ ಶುರುವಾಗಿರುತ್ತದೆ. ನಡುವೆ ಸಿಕ್ಕಿಬಿದ್ದವರು ನಿಮ್ಮ ಏಳನೆಯವರು. ಆ ಗದ್ದಲದಲ್ಲಿ ಅರ್ಧಕ್ಕಿಂತ ಹೆಚ್ಚು, ಗಣಿತ ಬರುವುದಿಲ್ಲ ಎಂಬುದನ್ನು ಮುಚ್ಚಿಡುವ ಗದ್ದಲ ಎಂದೇ ನನ್ನ ಅಭಿಪ್ರಾಯ. ಪಾಠ ಹಿಡಿತಕ್ಕೆ ಸಿಕ್ಕರೆ ತರಗತಿ ಹಿಡಿತಕ್ಕೆ ಬರುತ್ತದೆ. ನಾವು ಹೊಸಬರಿಗೆ ಸದಾ ಇದನ್ನೇ ತಿರುಗಾಮುರುಗಾ ಹೇಳಿಕೊಡುತ್ತೇವೆ.

ಈ ಮಕ್ಕಳು ನಡೆದು ಬಂದ ದಾರಿಯನ್ನೂ ನೋಡಿ. ಒಂದರಿಂದ ಮೂರರವರೆಗೆ ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯವೆಲ್ಲ ಹಬ್ಬಿದ ಪದ್ಧತಿ ಅದು: ನೆಲದ ಮೇಲೆ ಗುಂಪು, ಕೈಯಲ್ಲಿ ಕಾರ್ಡು, ಅವರವರ ವೇಗದಲ್ಲಿ ಕಲಿಕೆ. ನಾಲ್ಕನೆಯದಕ್ಕೆ ಬಂದಾಗ ಏಕಾಏಕಿ ಬೋರ್ಡು, ಬೆಂಚು. ಆರಕ್ಕೆ ಬಂದರೆ ವಿಷಯಕ್ಕೊಬ್ಬ ಶಿಕ್ಷಕರು. ಸಾಲದ್ದಕ್ಕೆ ಈ ಏಳನೆಯವರು ಕೋವಿಡ್ ಕಾಲಕ್ಕೆ ಆರಂಭದ ತರಗತಿಗಳಲ್ಲಿದ್ದವರು. ರಾಜ್ಯದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದರ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮಗ್ಗಿ, ದಶಕ ತೆಗೆದುಕೊಳ್ಳುವ ವ್ಯವಕಲನ, ಸಣ್ಣ ಭಾಗಾಕಾರ, ಇವೆಲ್ಲ ಕೂರಬೇಕಾದ ವಯಸ್ಸಿನಲ್ಲಿ ಶಾಲೆಗೆ ಬೀಗ ಬಿದ್ದಿತ್ತು. ಆಮೇಲೆ ಅವರು ಮೇಲಿನ ತರಗತಿಗೆ ಹೋಗುತ್ತಲೇ ಬಂದರು, ಆ ಲೆಕ್ಕಗಳು ಹಿಂದೆಯೇ ಉಳಿದವು.

ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿ ಮಾಡುವ ಸೇತುಬಂಧ ನಡೆಯಿತಲ್ಲ ಎನ್ನುತ್ತೀರಿ. ನಡೆದಿರುತ್ತದೆ. ನೈದಾನಿಕ ಪರೀಕ್ಷೆ, ಸಾಫಲ್ಯ ಪರೀಕ್ಷೆ, ಎರಡರ ಅಂಕಪಟ್ಟಿಯೂ ಫೈಲಿನಲ್ಲಿ ಭದ್ರವಾಗಿರುತ್ತದೆ. ಆ ಫೈಲನ್ನು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಬಿಡಿ. ನೀವು ನಿಮಗಾಗಿ ಒಂದು ಪರೀಕ್ಷೆ ಮಾಡಿ. ಹಳೆಯ ನೋಟ್‌ಬುಕ್ಕಿನ ಅರ್ಧ ಹಾಳೆ, ನಾಲ್ಕೇ ಲೆಕ್ಕ, ಅಂಕ ಇಲ್ಲ, ಗಟ್ಟಿಯಾಗಿ ಹೆಸರು ಓದುವುದಿಲ್ಲ ಎಂದು ಮೊದಲೇ ಹೇಳಿಬಿಡಿ. 302ರಲ್ಲಿ 47 ಕಳೆಯುವುದು. 816ನ್ನು 4ರಿಂದ ಭಾಗಿಸುವುದು. ಮೂರು ಸಾಲಿನ ಒಂದು ಮಾತಿನ ಲೆಕ್ಕ, ಅದನ್ನು ಓದಲು ಬರುತ್ತದೋ ಇಲ್ಲವೋ ನೋಡುವುದಕ್ಕೆ. ಕೊನೆಗೆ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸುವುದು.

ಹಾಳೆಗಳನ್ನು ಮನೆಗೆ ಒಯ್ದು ಸರಿ–ತಪ್ಪು ಹಾಕಬೇಡಿ. ತಪ್ಪುಗಳನ್ನು ಜಾತಿವಾರು ವಿಂಗಡಿಸಿ. 816ರ ಭಾಗಾಕಾರಕ್ಕೆ 24 ಎಂದು ಬರೆದವರು ಹಲವರು ಸಿಗುತ್ತಾರೆ. ಅವರಿಗೆ ಭಾಗಾಕಾರ ಗೊತ್ತು, ನಡುವಿನ ಸೊನ್ನೆ ಗೊತ್ತಿಲ್ಲ. ಇನ್ನು ಕೆಲವರು ನಾಲ್ಕರ ಮಗ್ಗಿಯಲ್ಲೇ ಎಡವಿರುತ್ತಾರೆ. ಮೂರನೆಯ ಲೆಕ್ಕವನ್ನು ಪೂರ್ತಿ ಖಾಲಿ ಬಿಟ್ಟವರಿಗೆ ಗಣಿತದ ತೊಂದರೆ ಇಲ್ಲದೆಯೂ ಇರಬಹುದು, ಕನ್ನಡ ಓದುವುದೇ ಕಷ್ಟವಾಗಿರಬಹುದು. ಈ ಮೂವರಿಗೂ ಒಂದೇ ಬೋರ್ಡಿನ ಮೇಲೆ ಒಂದೇ ಪಾಠ ಮಾಡಿ ಎಲ್ಲರೂ ಸುಮ್ಮನಿರಬೇಕು ಎಂದರೆ ಹೇಗೆ?

ಭಿನ್ನರಾಶಿಯ ಲೆಕ್ಕದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಏಳನೇ ತರಗತಿ ಗಣಿತದಿಂದ ಕಳಚಿಕೊಳ್ಳುವುದು ಬಹುಪಾಲು ಇಲ್ಲೇ. ನಿಮ್ಮ ಅರ್ಧ ತರಗತಿಯಾದರೂ ಐದನೇ ಎರಡು ಎಂದು ಬರೆದಿರುತ್ತದೆ: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ. ‘ತಪ್ಪು, ಲ.ಸಾ.ಅ. ತೆಗೀರಿ’ ಎಂದು ನೀವು ಅಂದ ಕ್ಷಣ ಆ ಮಗು ಪಾಠದಿಂದ ಎದ್ದು ಹೋಯಿತು ಎಂದೇ ಲೆಕ್ಕ. ಬದಲಿಗೆ ಒಬ್ಬಳನ್ನು ಎಬ್ಬಿಸಿ ಕೇಳಿ: ಅರ್ಧ ಜೋಳದ ರೊಟ್ಟಿ ತಿಂದೆ, ಆಮೇಲೆ ಇನ್ನೊಂದು ರೊಟ್ಟಿಯ ಮೂರನೇ ಒಂದು ಭಾಗ ತಿಂದೆ. ಒಟ್ಟು ತಿಂದದ್ದು ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಜಾಸ್ತಿ ಎನ್ನುತ್ತಾಳೆ. ಐದನೇ ಎರಡು ಅಂದರೆ ಒಂದು ರೊಟ್ಟಿಯನ್ನು ಐದು ಪಾಲು ಮಾಡಿ ಎರಡು ತಿಂದಂತೆ, ಅದು ಅರ್ಧಕ್ಕಿಂತ ಕಡಿಮೆಯಲ್ಲವೇ? ಅಷ್ಟು ಹೇಳಿ ಸುಮ್ಮನಿರಿ. ಉತ್ತರ ನೀವು ಹೇಳಬೇಡಿ. ತಿಂದ ರೊಟ್ಟಿ ಕಡಿಮೆಯಾಗಿದ್ದು ಹೇಗೆ ಎಂದು ಅವರೇ ಜಗಳ ತೆಗೆಯುತ್ತಾರೆ. ಆಗಲೂ ಗದ್ದಲವೇ ಆಗುತ್ತದೆ, ಆದರೆ ಅದು ಗಣಿತದ ಗದ್ದಲ. ಪಕ್ಕದ ಕೋಣೆಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಹೆಡ್‌ಮಾಸ್ಟರಿಗೆ ಒಂದು ಮಾತು ಮೊದಲೇ ಹೇಳಿಡುವುದು ಒಳ್ಳೆಯದು.

ಪ್ರಶ್ನೆ ಕೇಳಿ ಸುಮ್ಮನಿರುವುದು ಸುಲಭವಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಗಮನಿಸಿ ಕಂಡುಕೊಂಡದ್ದು ಇದು: ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಎಂದೂ ಬಾಯಿ ಬಿಡದವರೂ ಮಾತಾಡಿದರು. ಒಳಗೊಳಗೇ ಒಂದು, ಎರಡು, ಮೂರು ಎಂದು ಎಣಿಸಿ ನೋಡಿ, ಎಷ್ಟು ದೀರ್ಘ ಎಂದು ಗೊತ್ತಾಗುತ್ತದೆ.

ಇನ್ನು ಗಂಟಲು. ಗದ್ದಲದ ಮೇಲೆ ದನಿ ಏರಿಸುವುದನ್ನು ನಾಳೆಯಿಂದಲೇ ನಿಲ್ಲಿಸಿ. ನಿಮ್ಮ ದನಿ ಏರಿದಷ್ಟೂ ಅವರು ಏರಿಸುತ್ತಾರೆ, ಅವರು 41, ನೀವು ಒಬ್ಬರು. ಹಿಂದಿನ ಪಿರಿಯಡ್ಡು ಮುಗಿಯುತ್ತಿದ್ದಂತೆ ಹೋಗಿ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದುಬಿಡಿ. ಎಲ್ಲರಿಗೂ ಬರುವಂಥದ್ದು, ನಿನ್ನೆಯ ಪಾಠದ್ದು. ಮಕ್ಕಳು ಕೂತ ಕೂಡಲೇ ಮಾಡುವ ಕೆಲಸ ಅದು, ಪ್ರತಿದಿನ, ತಪ್ಪದೆ. ಹಾಜರಿ ಕರೆಯುವುದರಿಂದ ತರಗತಿ ಶುರು ಮಾಡಬೇಡಿ. 41 ಹೆಸರು ಮುಗಿಯುವಷ್ಟರಲ್ಲಿ ನಲವತ್ತು ನಿಮಿಷದ ಪಿರಿಯಡ್ಡಿನ ಮೊದಲ ಐದು ನಿಮಿಷ ಹಿಂದಿನ ಬೆಂಚಿನವರ ಪಾಲಾಗಿರುತ್ತದೆ. ಅವರು ಲೆಕ್ಕ ಮಾಡುತ್ತಿರುವಾಗ ಹಾಜರಿ ನೀವೇ ಕಣ್ಣಲ್ಲಿ ಹಾಕಿಕೊಳ್ಳಿ. ನಿಲ್ಲುವುದು ಬೋರ್ಡಿನ ಹತ್ತಿರವೇ ಆಗಬೇಕಿಲ್ಲ. ಕೋಣೆಯ ಹಿಂದೆ ನಿಂತೂ ಪಾಠ ಮಾಡಬಹುದು, ಬೋರ್ಡಿಗೆ ಒಬ್ಬ ಹುಡುಗಿಯನ್ನು ಕಳಿಸಿ.

ನಿಮ್ಮ ಭಾಷೆಗೆ ನಗುತ್ತಾರೆ ಎಂದಿರಿ. ನಗಲಿ. ‘ಬರಂಗಿಲ್ರಿ ಅಕ್ಕೋರೆ’ ಎಂಬುದನ್ನು ಮೊದಲ ದಿನ ಕೇಳಿದಾಗ ನಿಮಗೂ ನಗು ಬಂದಿರಬೇಕು. ನಿಮ್ಮ ಊರಿನ ಹತ್ತು ಮಾತು ಅವರಿಗೆ ಹೇಳಿ, ಅವರ ಹತ್ತು ಮಾತು ಕೇಳಿಸಿಕೊಂಡು ಬರೆದುಕೊಳ್ಳಿ. ತಿಂಗಳೊಪ್ಪತ್ತಿನಲ್ಲಿ ಇದು ಹಳತಾಗುತ್ತದೆ. ಹೆಚ್ಚು ತಲೆ ಕೆಡಿಸಿಕೊಳ್ಳುವ ವಿಷಯ ಇದಲ್ಲ.

ಬೆತ್ತದ ವಿಷಯ ಹಾಗಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮೀರಿದರೆ ಶಿಸ್ತು ಕ್ರಮ ಆಗುವುದು ನಿಮ್ಮ ಮೇಲೆ, ಬೆತ್ತದ ಸಲಹೆ ಕೊಟ್ಟವರ ಮೇಲಲ್ಲ. ನೀವಿನ್ನೂ ಪ್ರೊಬೇಷನ್‌ನಲ್ಲಿದ್ದೀರಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಯಾರಾದರೂ ತಂದೆ ‘ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ’ ಎಂದಾರು. ಅದನ್ನು ಅನುಮತಿ ಎಂದು ತಿಳಿಯಬೇಡಿ, ‘ನನಗೂ ಇವನು ಕೈಗೆ ಸಿಗುತ್ತಿಲ್ಲ’ ಎಂದು ಅವರು ಹೇಳುತ್ತಿರುವುದು. ಕಾನೂನು ಹಾಗಿರಲಿ, ಗಣಿತಕ್ಕೂ ಬೆತ್ತ ಕೆಡುಕೇ. ಹೆದರಿದ ಮಗು ತಪ್ಪು ಉತ್ತರ ಬರೆಯುವುದನ್ನು ನಿಲ್ಲಿಸುತ್ತದೆ. ತಪ್ಪು ಉತ್ತರ ಸಿಗದಿದ್ದರೆ 816ರ ಸೊನ್ನೆ ಎಲ್ಲಿ ಕಳೆದುಹೋಯಿತು ಎಂಬುದು ನಿಮಗೆ ಗೊತ್ತಾಗುವುದೇ ಇಲ್ಲ.

ಹಾಗೆಂದು ಹಿರಿಯ ಮೇಷ್ಟ್ರ ಜೊತೆ ಮುಖ ಕೆಡಿಸಿಕೊಳ್ಳಬೇಡಿ. ಬಹಳ ಕಾಲದಿಂದ ಅಲ್ಲಿರುವವರಾದರೆ ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಅವರಿಗೆ ಗೊತ್ತಿರುತ್ತದೆ, ನಿಮಗೆ ಯಾವ ತರಬೇತಿಯಲ್ಲೂ ಅದು ಸಿಗದು. ಹಿಂದಿನ ಬೆಂಚಿನ ಆ ಇಬ್ಬರ ಬಗ್ಗೆ ಅವರನ್ನೇ ಕೇಳಿ. ನೀವೀಗಿರುವ ಜಿಲ್ಲೆಯಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ, ಮೆಣಸಿನಕಾಯಿ ಕೀಳುವ ಕಾಲಕ್ಕೆ ಮಕ್ಕಳು ಶಾಲೆಯಿಂದ ಮಾಯವಾಗುತ್ತಾರೆ. ಗುಳೆ ಹೋದ ಮನೆಯಲ್ಲಿ ಅಜ್ಜಿಯೊಬ್ಬಳೇ ಇರುತ್ತಾಳೆ. ವರ್ಷಕ್ಕೆ ಎರಡು ತಿಂಗಳು ಶಾಲೆ ತಪ್ಪಿದವನು ಪುಸ್ತಕ ತೆಗೆದು ಮಾಡುವುದೇನಿದೆ? ಅದೇ ಹುಡುಗ ಕೆ.ಜಿ. ಲೆಕ್ಕದ ಕೂಲಿಯನ್ನು ಬಾಯಲ್ಲೇ ಹೇಳಬಲ್ಲ. ಅವನಿಗೆ ಗುಣಾಕಾರ ಬರುತ್ತದೆ, ನಿಮ್ಮ ಬೋರ್ಡಿನ ಗುಣಾಕಾರ ಬರುವುದಿಲ್ಲ. ಆ ಕೂಲಿ ಲೆಕ್ಕವನ್ನೇ ಬೋರ್ಡಿಗೆ ತನ್ನಿ. ಆದರೆ ಅವನು ಕೂಲಿಗೆ ಹೋಗುವುದನ್ನು ತಮಾಷೆಯ ಸಂಗತಿ ಮಾಡಬೇಡಿ. ಹಾಜರಿ ಪುಸ್ತಕ ಹಿಡಿದು ಹೆಡ್‌ಮಾಸ್ಟರ್ ಜೊತೆ ಮನೆಗೆ ಹೋಗಬೇಕಾದ ವಿಷಯ ಅದು. ಇಬ್ಬರನ್ನೂ ಬೇರೆ ಬೇರೆಯಾಗಿ, ತರಗತಿಯ ಹೊರಗೆ, ಬಿಸಿಯೂಟದ ನಂತರ ಐದು ನಿಮಿಷ ಮಾತಾಡಿಸಿ. ನೋಡುವವರಿಲ್ಲದಿದ್ದರೆ ತುಂಟತನ ಅರ್ಧ ಇಳಿಯುತ್ತದೆ. ಬೈಯಬೇಡಿ, ಒಂದು ಕೆಲಸ ಒಪ್ಪಿಸಿ. ವಿಜ್ಞಾನದ ಸಾಮಾನು ತಂದಿಡುವುದು ಇಂಥವರಿಗೇ ಇರಲಿ.

ಹುಡುಗಿಯರು ಗದ್ದಲ ಮಾಡುವುದಿಲ್ಲ ಎಂದು ಅವರನ್ನು ಮರೆಯಬೇಡಿ. ಏಳನೆಯಲ್ಲಿ ಹುಡುಗಿಯೊಬ್ಬಳು ವಾರಗಟ್ಟಲೆ ಬಾರದಿದ್ದರೆ ಅದೇ ದೊಡ್ಡ ಸದ್ದು. ಮದುವೆಯ ಮಾತು ಕಿವಿಗೆ ಬಿದ್ದರೆ ಹೆಡ್‌ಮಾಸ್ಟರಿಗೆ ತಿಳಿಸಿ, 1098ಕ್ಕೆ ಕರೆ ಮಾಡಿ. ಕಾದು ನೋಡೋಣ ಅನ್ನಬೇಡಿ.

ದಾಖಲೆಗಳ ಕಾಟ ನೀವು ಬರೆದಿಲ್ಲ, ಬರೆಯದಿದ್ದರೂ ಗೊತ್ತು. ಹೊಸಬರು ಎಂದರೆ ಎಸ್‌ಎಟಿಎಸ್ ಎಂಬ ಮಕ್ಕಳ ಆನ್‌ಲೈನ್ ದಾಖಲೆ, ಹಾಲು–ಮೊಟ್ಟೆಯ ಲೆಕ್ಕ, ಪ್ರತಿಭಾ ಕಾರಂಜಿಯ ಪಟ್ಟಿ ಎಲ್ಲವೂ ‘ನಿಮಗೆ ಕಂಪ್ಯೂಟರ್ ಬರುತ್ತಲ್ಲ’ ಎಂದು ಹೆಗಲಿಗೆ ಬೀಳುತ್ತವೆ. ಎರಡು ಕೆಲಸ ಒಪ್ಪಿಕೊಳ್ಳಿ, ಮೂರನೆಯದಕ್ಕೆ ನಗುತ್ತಲೇ ಸಮಯ ಕೇಳಿ. ಐದು ಬಣ್ಣದ ಪೆನ್ನಿನಲ್ಲಿ ಪಾಠ ಯೋಜನೆ ಬರೆದು ರಾತ್ರಿ ಹನ್ನೊಂದು ಮಾಡಿಕೊಳ್ಳುವುದು ಯಾರಿಗೂ ಉಪಕಾರವಲ್ಲ. ನಾಳೆಯ ಒಂದು ಪಿರಿಯಡ್ಡಿಗೆ ಮೂರು ಪ್ರಶ್ನೆ ಯೋಚಿಸಿಟ್ಟುಕೊಂಡರೆ ಸಾಕು.

ಭಾನುವಾರದ ಹೊಟ್ಟೆ ತೊಳಸುವಿಕೆ ಹೊಸ ಶಿಕ್ಷಕರಲ್ಲಿ ಅಪರೂಪವಲ್ಲ. ಊರು ಬಿಟ್ಟು, ಅನ್ನ–ಸಾರು ಬಿಟ್ಟು, ಒಂಟಿ ಕೋಣೆಯಲ್ಲಿರುವಾಗ ಅದು ಇನ್ನಷ್ಟು ಹೆಚ್ಚುತ್ತದೆ. ತಾಲ್ಲೂಕಿನಲ್ಲಿ ನಿಮ್ಮ ಜೊತೆಗೇ ನೇಮಕವಾದ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಭಾನುವಾರ ಸಂಜೆ ಅವರ ಜೊತೆ ಕಳೆಯಿರಿ, ಶಾಲೆಯ ಮಾತೇ ಆಡಿದರೂ ಪರವಾಗಿಲ್ಲ. ನಿದ್ದೆ, ಊಟ ಕೆಡುತ್ತ ಹೋದರೆ ಮಾತ್ರ ತಡ ಮಾಡದೆ ವೈದ್ಯರನ್ನು ಕಾಣಿ, ಅಥವಾ ಟೆಲಿ ಮಾನಸ್‌ಗೆ ಕರೆ ಮಾಡಿ. ಸಂಖ್ಯೆ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೆಲಸದ ಬಗ್ಗೆ ಯಾವ ತೀರ್ಮಾನವನ್ನೂ ದಸರಾ ರಜೆಗೆ ಮುಂಚೆ ಮಾಡಬೇಡಿ. ಅಷ್ಟರಲ್ಲಿ ಮೊದಲ ಸಂಕಲನಾತ್ಮಕ ಪರೀಕ್ಷೆ ಮುಗಿದಿರುತ್ತದೆ, ನಿಮ್ಮ ನಾಲ್ಕು ಲೆಕ್ಕದ ಹಾಳೆಯನ್ನು ಇನ್ನೊಮ್ಮೆ ಕೊಟ್ಟು ನೋಡಲೂ ಅವಕಾಶ ಸಿಕ್ಕಿರುತ್ತದೆ. 24 ಎಂದು ಬರೆದವರಲ್ಲಿ ಎಷ್ಟು ಜನ 204ಕ್ಕೆ ಬಂದರು, ಅಷ್ಟನ್ನು ಮಾತ್ರ ನೋಡಿ. ಅದಕ್ಕೂ ಮುಂಚೆ ಈ ವಾರವೇ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಸಮಯಪಟ್ಟಿ ತೆಗೆಸಿ ನೋಡಿ. ಏಳನೇ ತರಗತಿಯ ಗಣಿತ ಬಿಸಿಯೂಟದ ನಂತರ ಬಿದ್ದಿದೆ ಎಂದು ನನ್ನ ಅನುಮಾನ. ಹಾಗಿದ್ದರೆ ಅದನ್ನು ಬೆಳಗಿನ ಎರಡನೇ ಪಿರಿಯಡ್ಡಿಗೆ ಬದಲಿಸಿಕೊಡಲು ಕೇಳಿ. ಬದಲಿಗೆ ಎಂಟನೆಯದನ್ನು ಊಟದ ನಂತರ ನಾನೇ ತೆಗೆದುಕೊಳ್ಳುತ್ತೇನೆ ಎಂದರೆ ಯಾರೂ ಬೇಡ ಅನ್ನಲಾರರು.