ಅಗ್ಗದ ರೇಡಿಯೇಟರ್: ಬದಲಿಸಬೇಕೆ, ಉಳಿಸಿಕೊಳ್ಳಬೇಕೆ?

ಸಣ್ಣ ಉದ್ದಿಮೆದಾರರ ಲೆಕ್ಕಪುಸ್ತಕಗಳಲ್ಲಿ ‘ವಾಹನ ದುರಸ್ತಿ’ ಎಂಬ ಒಂದೇ ಶೀರ್ಷಿಕೆಯಡಿ ಹಲವು ಬಗೆಯ ವೆಚ್ಚಗಳು ಅಡಗಿರುತ್ತವೆ. ವರ್ಷಾಂತ್ಯದಲ್ಲಿ ಮೊತ್ತವನ್ನು ಕೂಡಿಸಲಾಗುತ್ತದೆಯೇ ಹೊರತು, ಅದರಲ್ಲಿ ಅನಿವಾರ್ಯವಾದದ್ದೆಷ್ಟು, ತಪ್ಪಿಸಬಹುದಾಗಿದ್ದದ್ದೆಷ್ಟು ಎಂಬ ವಿಚಾರಣೆ ನಡೆಯುವುದು ವಿರಳ. ಸರಕು ಸಾಗಿಸುವ ವ್ಯಾನಿಗೆ ಹಿಂದೊಮ್ಮೆ ಅಗ್ಗವೆಂದು ಹಾಕಿಸಿದ ರೇಡಿಯೇಟರನ್ನು, ಅದು ಇನ್ನೂ ಕೆಲಸ ಮಾಡುತ್ತಿರುವಾಗಲೇ ತೆಗೆದು ಒಳ್ಳೆಯದನ್ನು ಅಳವಡಿಸಬೇಕೆ ಎಂಬ ಪ್ರಶ್ನೆ ಇಂತಹ ವಿಚಾರಣೆಗೆ ಉತ್ತಮ ನಿದರ್ಶನ.

ರೇಡಿಯೇಟರಿನ ದುರ್ಬಲ ಸ್ಥಾನಗಳು

ಇಂಜಿನ್ನಿನ ಉಷ್ಣವನ್ನು ಕೂಲಂಟ್ ದ್ರವವು ರೇಡಿಯೇಟರಿಗೆ ಒಯ್ಯುತ್ತದೆ. ಅಲ್ಲಿನ ತೆಳುಕೊಳವೆಗಳು ಮತ್ತು ರೆಕ್ಕೆಪಟ್ಟಿಗಳು ಅದನ್ನು ಗಾಳಿಗೆ ಬಿಡುತ್ತವೆ. ಸಾಮಾನ್ಯ ಒತ್ತಡದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು, ಮುಚ್ಚಳವು ಸುಮಾರು 1 ಬಾರ್ ಹೆಚ್ಚುವರಿ ಒತ್ತಡವನ್ನು ಹಿಡಿದಿಟ್ಟಾಗ ಸುಮಾರು 120 ಡಿಗ್ರಿಯವರೆಗೆ ಕುದಿಯದು. ಸೋರಿಕೆಯಾದರೆ ದ್ರವದ ಪ್ರಮಾಣವೂ ಈ ಒತ್ತಡದ ರಕ್ಷಣೆಯೂ ಒಟ್ಟಿಗೆ ಕುಗ್ಗುತ್ತವೆ.

ಇಂದಿನ ಬಹುತೇಕ ವಾಹನಗಳಲ್ಲಿ ರೇಡಿಯೇಟರಿನ ಮಧ್ಯಭಾಗ ಅಲ್ಯೂಮಿನಿಯಮ್ಮಿನದು, ಅಂಚಿನ ತೊಟ್ಟಿಗಳು ಪ್ಲಾಸ್ಟಿಕ್ಕಿನವು. ನಡುವೆ ರಬ್ಬರ್ ಗ್ಯಾಸ್ಕೆಟ್. ಅಗ್ಗದ ತಯಾರಿಕೆಯಲ್ಲಿ ಮಧ್ಯಭಾಗ ತೆಳುವಾಗಿರಬಹುದು, ರೆಕ್ಕೆಪಟ್ಟಿಗಳು ವಿರಳವಾಗಿರಬಹುದು, ಪ್ಲಾಸ್ಟಿಕ್ ಬೇಗನೆ ಪೆಡಸಾಗಬಹುದು. ಆದರೆ ಬೆಲೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಬಿಡಿಭಾಗವನ್ನು ಕಳಪೆಯೆಂದು ತೀರ್ಮಾನಿಸುವುದು ಸಲ್ಲದು. ಸ್ಥಿತಿಯೇ ಸಾಕ್ಷಿಯಾಗಬೇಕು.

ಮೊದಲು ತಪಾಸಣೆ

ತೊಟ್ಟಿ ಹಾಗೂ ಮಧ್ಯಭಾಗ ಕೂಡುವಲ್ಲಿ ಒಣಗಿದ ಬಿಳಿ ಅಥವಾ ಹಸಿರು ಕಲೆ, ಪದೇ ಪದೇ ಇಳಿಯುವ ಕೂಲಂಟ್ ಮಟ್ಟ, ಪ್ಲಾಸ್ಟಿಕ್ ಕೊರಳಿನಲ್ಲಿ ಸಣ್ಣ ಬಿರುಕು, ಏರುದಾರಿಯಲ್ಲಿ ಮೇಲೇರುವ ಉಷ್ಣಮಾಪಕದ ಮುಳ್ಳು – ಇವು ಎಚ್ಚರಿಕೆಯ ಲಕ್ಷಣಗಳು. ಗ್ಯಾರೇಜಿನಲ್ಲಿ ಕೈಪಂಪಿನಿಂದ ಒತ್ತಡ ಪರೀಕ್ಷೆ ಮಾಡಿಸಿದರೆ ಸೋರಿಕೆ ಖಚಿತವಾಗುತ್ತದೆ. ಮುಚ್ಚಳ, ಥರ್ಮೋಸ್ಟಾಟ್, ಫ್ಯಾನ್ ಮತ್ತು ಹೋಸ್‌ಗಳನ್ನೂ ಪರೀಕ್ಷಿಸದೆ ರೇಡಿಯೇಟರನ್ನು ದೂಷಿಸಬಾರದು. ಇಂಜಿನ್ ಬಿಸಿಯಾಗಿರುವಾಗ ಮುಚ್ಚಳ ತೆರೆಯುವುದು ಅಪಾಯಕರ. ಸೋರಿಕೆ ದೃಢಪಟ್ಟರೆ ಮುಂದಿನ ಲೆಕ್ಕವೇ ಬೇಕಿಲ್ಲ; ಬದಲಾವಣೆ ಆಗಲೇಬೇಕು. ಸೋರಿಕೆಯಿಲ್ಲದೆ ಸಂಶಯ ಮಾತ್ರ ಇರುವಲ್ಲಿ ಲೆಕ್ಕಾಚಾರ ನೆರವಿಗೆ ಬರುತ್ತದೆ.

ಲೆಕ್ಕಾಚಾರದ ಕ್ರಮ

ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಅಳವಡಿಸಿಕೊಳ್ಳಬೇಕು. ಒಳ್ಳೆಯ ರೇಡಿಯೇಟರಿಗೆ ಕೂಲಿ ಮತ್ತು ಕೂಲಂಟ್ ಸೇರಿ 9,000 ರೂ., ಬಾಳಿಕೆ 5 ವರ್ಷ ಎಂದಿಟ್ಟುಕೊಂಡರೆ ವಾರ್ಷಿಕ ವೆಚ್ಚ 1,800 ರೂ. ಅಗ್ಗದ್ದಕ್ಕೆ ಒಟ್ಟು 7,000 ರೂ., ಬಾಳಿಕೆ 2 ವರ್ಷವಾದರೆ ವಾರ್ಷಿಕ ವೆಚ್ಚ 3,500 ರೂ. ಎರಡಕ್ಕೂ ಕೂಲಿ ಒಂದೇ ಆಗಿರುವುದರಿಂದ ಬಾಳಿಕೆ ಕಡಿಮೆಯಾದಷ್ಟೂ ಅಗ್ಗದ್ದು ದುಬಾರಿಯಾಗುತ್ತದೆ. ಇದು ಹೊಸದಾಗಿ ಕೊಳ್ಳುವವರ ಲೆಕ್ಕ.

ಈಗಾಗಲೇ ಅಗ್ಗದ್ದನ್ನು ಹಾಕಿಸಿರುವವರ ಲೆಕ್ಕ ಬೇರೆ. ಕೊಟ್ಟ 7,000 ರೂ. ಮುಳುಗಿದ ವೆಚ್ಚ, ಯಾವ ನಿರ್ಧಾರದಿಂದಲೂ ಅದು ಮರಳದು. ‘ಅಷ್ಟು ಕೊಟ್ಟಿದ್ದೇವೆ, ಇನ್ನಷ್ಟು ದಿನ ಓಡಲಿ’ ಎಂಬ ವಾದಕ್ಕೆ ಆದುದರಿಂದ ಬೆಲೆಯಿಲ್ಲ. ಒಂದು ವರ್ಷ ಮುಂಚೆಯೇ ಒಳ್ಳೆಯದನ್ನು ಹಾಕಿಸಿದರೆ ತಗಲುವ ನಿಜವಾದ ಹೆಚ್ಚುವರಿ ವೆಚ್ಚ, ಬಡ್ಡಿಯನ್ನು ಬಿಟ್ಟರೆ, ಅದರ ಒಂದು ವರ್ಷದ ಬಾಳಿಕೆಯ ಮೌಲ್ಯವಾದ 1,800 ರೂ. ಮಾತ್ರ.

ಇದಕ್ಕೆ ಎದುರಾಗಿ ದಾರಿಯಲ್ಲಿ ಕೆಟ್ಟಾಗಿನ ನಷ್ಟವನ್ನು ಇಡಬೇಕು: ಎಳೆದು ತರುವ ವೆಚ್ಚ 4,000 ರೂ.; ಎರಡು ದಿನದ ವ್ಯಾಪಾರದ ಲಾಭ 5,000 ರೂ.; ಅತಿಯಾದ ಬಿಸಿಯಿಂದ ಸಿಲಿಂಡರ್ ಹೆಡ್ ಸೊಟ್ಟಗಾದರೆ ದುರಸ್ತಿ 25,000 ರೂ. ಒಟ್ಟು 34,000 ರೂ. 1,800ನ್ನು 34,000ದಿಂದ ಭಾಗಿಸಿದರೆ ಶೇ. 5.3. ವರ್ಷದಲ್ಲಿ ಇಂತಹ ಅವಘಡದ ಸಂಭವ ಸುಮಾರು 19ರಲ್ಲಿ 1ಕ್ಕಿಂತ ಹೆಚ್ಚೆಂದು ತೋರಿದರೆ ಈಗಲೇ ಬದಲಿಸುವುದು ಲಾಭಕರ.

ಮುಳ್ಳು ಮೇಲೇರಿದೊಡನೆ ವಾಹನ ನಿಲ್ಲಿಸುವ ಚಾಲಕನಿದ್ದರೆ ಹೆಡ್ಡಿಗೆ ಹಾನಿ ತಪ್ಪುವ ಸಾಧ್ಯತೆ ಹೆಚ್ಚು. ಆಗ ನಷ್ಟ 9,000 ರೂ. ಮಾತ್ರ, ಸಮತೋಲನ ಬಿಂದು ಶೇ. 20ಕ್ಕೆ ಏರುತ್ತದೆ. ಚಾಲಕನಿಗೆ ನೀಡುವ ಅರ್ಧ ಗಂಟೆಯ ತಿಳಿವಳಿಕೆ ಕೆಲವೊಮ್ಮೆ ಹೊಸ ಬಿಡಿಭಾಗಕ್ಕಿಂತ ಹೆಚ್ಚಿನ ಉಳಿತಾಯ ತರುತ್ತದೆ. ‘ಸರಕು ತಲುಪಿಸಿಯೇ ನಿಲ್ಲು’ ಎಂಬ ಮಾಲೀಕರ ಒತ್ತಾಯವಾದರೋ ಇದಕ್ಕೆ ತದ್ವಿರುದ್ಧವಾದುದು.

ವರ್ಷದೊಳಗೆ ವಾಹನ ಮಾರುವವರಿಗೆ ಹೊಸ ರೇಡಿಯೇಟರಿನ ಉಳಿದ ಬಾಳಿಕೆಯ ಬೆಲೆ ಮರಳುವುದು ಕಷ್ಟ. ಅವರಿಗೆ ಪೂರ್ಣ 9,000 ರೂ. ವೆಚ್ಚ, ತಪ್ಪುವ ನಷ್ಟ, ಆಗ ಕೊಳ್ಳಲೇಬೇಕಾದ ರೇಡಿಯೇಟರ್ ಸೇರಿ, 43,000 ರೂ. ಸಂಭವವು ಸುಮಾರು 5ರಲ್ಲಿ 1ನ್ನು ಮೀರಿದರೆ ಮಾತ್ರ ಅವರು ಬದಲಿಸುವುದು ಯುಕ್ತ.

ತೆರಿಗೆಯ ದೃಷ್ಟಿ

ವಾಹನವೆಂಬ ಆಸ್ತಿಯನ್ನು ಇದ್ದ ಸ್ಥಿತಿಯಲ್ಲಿ ಕಾಪಾಡುವ ಬಿಡಿಭಾಗದ ಬದಲಾವಣೆ ಸಾಮಾನ್ಯವಾಗಿ ಚಾಲ್ತಿ ದುರಸ್ತಿ, ಬಂಡವಾಳ ವೆಚ್ಚವಲ್ಲ. ಹೊಸ ಆಸ್ತಿ ಅಸ್ತಿತ್ವಕ್ಕೆ ಬಂದರೆ ಅದು ಚಾಲ್ತಿ ದುರಸ್ತಿಯಾಗದೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದು ಪಾವತಿಸಿದರೆ ಆ ವೆಚ್ಚ ಸಾಮಾನ್ಯವಾಗಿ ಕಡಿತಕ್ಕೆ ಅರ್ಹವಾಗದು. ಅಂದಾಜು ಆದಾಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಪ್ರತ್ಯೇಕ ಕಡಿತವಿಲ್ಲ.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲೆ ಏಕರೂಪವಾಗಿ ಶೇ. 18 ಜಿಎಸ್‌ಟಿ ಜಾರಿಗೆ ಬಂದಿತು. ತೆರಿಗೆಗೊಳಪಟ್ಟ ವ್ಯವಹಾರಕ್ಕೆ ಬಳಸುವ ಸರಕು ವಾಹನವಾದರೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ; ಕಾಂಪೊಸಿಷನ್ ಪದ್ಧತಿಯವರಿಗೆ ಇಲ್ಲ. ಬಿಲ್ಲಿಲ್ಲದೆ ಕೊಂಡರೆ ಜಮೆಯೂ ಹೋಗುತ್ತದೆ, ಖಾತರಿ ಕೇಳುವ ಹಕ್ಕಿಗೆ ಆಧಾರವೂ ಇರುವುದಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಂತೆ, ಇಂಜಿನ್ ಕುದಿದ ಮೇಲೆ ಮಾಡುವ ಲೆಕ್ಕ ಉಪಯೋಗಕ್ಕೆ ಬಾರದು. ಮುಂದಿನ ಸರ್ವಿಸಿನ ದಿನವೇ ಒತ್ತಡ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ದಿನಾಂಕ ಹಾಗೂ ಕಿಲೋಮೀಟರ್ ಸಹಿತ ವಾಹನದ ಕಡತದಲ್ಲಿ ದಾಖಲಿಸುವುದು ವಿವೇಕಯುತ ಮೊದಲ ಹೆಜ್ಜೆ.