ಡ್ಯೂಟಿ ಪುಸ್ತಕ

ಜೈಲು ವಾರ್ಡರ್ ಕೆಲಸಕ್ಕೆ ಆಯ್ಕೆಯಾದೆ ಅಂತ ನೀನು ಫೋನ್ ಮಾಡಿದ ದಿನ ನಿನ್ನ ದೊಡ್ಡಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು ಮಗಾ. ಆ ಕೆಲಸದಲ್ಲೇ ತಲೆ ನರೆತವನು ನಾನು. ನನ್ನ ಸಂತೋಷದ ಜೊತೆಗೆ ನಾಲ್ಕು ಮಾತೂ ಇದೆ, ಕೇಳು.

ನಿನ್ನದು ಕಾರ್ಖಾನೆ ನೌಕರಿಯಲ್ಲ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾರ್ಮಿಕ ಕಾನೂನಿನ 'ಉದ್ಯಮ' ಅನ್ನುವ ಪದಕ್ಕೆ ಬಹಳ ವಿಶಾಲವಾದ ಅರ್ಥ ಕೊಟ್ಟಿತು. ಆದರೆ ಪ್ರಭುತ್ವವೇ ನಡೆಸಬೇಕಾದ ಕೆಲಸಗಳನ್ನು ಹೊರಗಿಟ್ಟಿತು. ಜೈಲು ಆ ಸಾಲಿಗೆ ಸೇರಿದ್ದು. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಅಂತ 2003ರಲ್ಲಿ ಅದೇ ಕೋರ್ಟು ಹೇಳಿತು. ಆದರೂ ಮುಷ್ಕರಕ್ಕೆ ಇಳಿದರೆ ಏನಾಗುತ್ತದೆ ನೋಡು: 2025ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಜೈಲು ಸಿಬ್ಬಂದಿ, ಮೇಲಿಂದ ಮೇಲೆ ಹೇರಿದ ಹೆಚ್ಚುವರಿ ಪಾಳಿಗಳಿಂದ ಬೇಸತ್ತು ಮೂರು ವಾರ ಕೆಲಸ ಬಿಟ್ಟು ಹೊರಗೆ ನಿಂತರು. ಕೊನೆಗೆ 2000ಕ್ಕೂ ಹೆಚ್ಚು ಮಂದಿಯ ನೌಕರಿ ಹೋಯಿತು. ಅವರ ದಣಿವು ನನಗೆ ಅರ್ಥವಾಗುತ್ತದೆ. ಆದರೆ ಆ ದಿನಗಳಲ್ಲಿ ಒಳಗಿದ್ದವರಿಗೆ ಮನೆಯವರ ಮುಖ ನೋಡುವುದಕ್ಕೂ ಆಗಲಿಲ್ಲ.

ಆರು ಕೈದಿಗಳಿಗೆ ಒಬ್ಬ ಕಾವಲಿನವನು ಇರಬೇಕು ಅನ್ನುವುದು ನಿಯಮದ ಪುಸ್ತಕದ ಲೆಕ್ಕ. 2022ರ ಕೊನೆಯಲ್ಲಿ ನಮ್ಮ ದೇಶದ ಜೈಲುಗಳಲ್ಲಿ 100 ಜನರ ಜಾಗದಲ್ಲಿ 131 ಜನ ಇದ್ದರು. ಸಿಬ್ಬಂದಿಯ ಹುದ್ದೆಗಳಲ್ಲಿ ನೂರಕ್ಕೆ 30ರಷ್ಟು ಖಾಲಿ ಇದ್ದವು. ಇದರ ಅರ್ಥ ನಿನಗೆ ರಾತ್ರಿ ಪಾಳಿಯಲ್ಲಿ ತಿಳಿಯುತ್ತದೆ. ಬದಲಿಯವನು ಬರದಿದ್ದರೆ ನೀನೇ ನಿಲ್ಲಬೇಕು.

ಹಾಗೆ ಒಂದು ಸಲ ಎರಡು ಪಾಳಿ ಸೇರಿಸಿ ನಿಂತಿದ್ದೆ. ಬೆಳಗಿನ ಎಣಿಕೆಗೆ ಮುದುಕನೊಬ್ಬ ಏಳುವುದು ತಡವಾಯಿತು. ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ, ಅಷ್ಟರಲ್ಲೇ ಅವನು ಎರಡೂ ಕೈ ತಲೆಗೆ ಅಡ್ಡ ಹಿಡಿದು ಮುದುಡಿಕೊಂಡ. ನನ್ನ ಸಿಟ್ಟು ಪಾಳಿಪಟ್ಟಿ ಬರೆದವರ ಮೇಲೆ. ಅವರಿಗೆ ಒಂದು ಸಾಲೂ ಬರೆದು ಕೊಟ್ಟಿರಲಿಲ್ಲ ನಾನು. ತಿರುಗಿ ಮಾತಾಡಲಾಗದವನ ಮೇಲೆ ಅದನ್ನು ತೀರಿಸಿಕೊಳ್ಳಲು ಹೋಗಿದ್ದೆ. ಆ ಮುದುಕನ ಮುಖ ಇವತ್ತಿಗೂ ಕಣ್ಣಿಂದ ಮರೆಯಾಗಿಲ್ಲ.

ಅದಕ್ಕೇ ಹೇಳುವುದು, ನಿನ್ನ ಕಷ್ಟ ಮೇಲಿನವರಿಗೆ ಹೋಗಲಿ, ಬ್ಯಾರಕ್ಕಿಗೆ ಇಳಿಯಬಾರದು. ಎಷ್ಟು ಗಂಟೆಗೆ ಒಳಗೆ ಹೋದೆ, ಎಷ್ಟಕ್ಕೆ ಬಿಟ್ಟರು, ಯಾವ ವಾರದ ರಜೆ ತಪ್ಪಿತು, ದಿನಾ ಬರೆದಿಡು. ಅರ್ಜಿ ಕೊಟ್ಟರೆ ನಕಲಿನ ಮೇಲೆ ಮುದ್ರೆ ಹಾಕಿಸಿಕೋ. ಸೇವೆಯ ವಿಷಯದಲ್ಲಿ ಅನ್ಯಾಯವಾದರೆ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ. ಅಲ್ಲಿ ಮಾತಾಡುವುದು ನಿನ್ನ ಕಾಗದ. ಇನ್ನೊಂದು: ಬೀಡಿ ಕಟ್ಟು, ಮೊಬೈಲು ಒಳಗೆ ಸಾಗಿಸಲು ಯಾರಾದರೂ ದುಡ್ಡು ಚಾಚಿದರೆ ಮುಟ್ಟಬೇಡ. ಒಮ್ಮೆ ಮುಟ್ಟಿದವನು ಆಮೇಲೆ ರಜೆ ಕೇಳುವುದಕ್ಕೂ ಬಾಯಿ ತೆರೆಯಲಾರದೆ ನಿಂತಿದ್ದನ್ನು ಕಂಡಿದ್ದೇನೆ.

ಭಾನುವಾರ ಊಟಕ್ಕೆ ಬಾ. ಗೆರೆ ಹಾಕಿದ ಇನ್ನೂರು ಪುಟದ ಪುಸ್ತಕ ಒಂದನ್ನು ತಂದಿಟ್ಟಿದ್ದೇನೆ.