ಮಂಗಳವಾರ ಉಳಾಕೆ ಏನ್ ಕಟ್ತೀಯ?

ಹೊಗೆಸೊಪ್ಪಿನ ಹರಾಜು ಶುರುವಾಯಿತೆಂದರೆ ಹುಣಸೂರಿನ ಬೈಕ್ ಶೋರೂಮಿನವರ ಮುಖಕ್ಕೆ ಕಳೆ ಬರುತ್ತದೆ. ಕಟ್ಟೆಮಳಲವಾಡಿಯಲ್ಲೋ ಚಿಲ್ಕುಂದದಲ್ಲೋ ಕಂಪಲಾಪುರದಲ್ಲೋ ಬೇಲು ಬಿಕರಿಯಾಗಿ, ದುಡ್ಡು ಖಾತೆಗೆ ಬಿದ್ದು, ಬ್ಯಾಂಕಿನವರು ಬೆಳೆಸಾಲ ಮುರಿದುಕೊಂಡು, ಎಲೆ ಹದಮಾಡುವ ಬ್ಯಾರನ್ನಿಗೆ ಸೌದೆ ಕೊಟ್ಟವನ ಬಾಕಿಯೂ ತೀರಿ ಉಳಿದದ್ದು ಎಷ್ಟೇ ಇರಲಿ, ಮನೆಯಲ್ಲಿ ಇಪ್ಪತ್ತು ದಾಟಿದ ಮಗನಿದ್ದರೆ ಅವನ ಕಣ್ಣು ಅದರ ಮೇಲೇ.

ನಮ್ಮಕ್ಕನನ್ನು ಕೊಟ್ಟಿರುವುದು ಪಿರಿಯಾಪಟ್ಟಣದ ಕಡೆ. ಅವಳ ಮಗ ಕಳೆದ ತಿಂಗಳು ಬಂದವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. "ಮಾವ, ಜಿಎಸ್‌ಟಿ ಇಳ್ದದೆ. ಹೊಸ ಗಾಡಿ ತಗಂಬುಡ್ತೀನಿ. ಫೆಬ್ರವರೀಲಿ ಕೊಯಮತ್ತೂರಿಗೆ ಹೋಯ್ತೀನಿ, ನೀನ್ ಹೋಗಿದ್ದಲ್ಲ, ಆ ಟ್ರ್ಯಾಕಿಗೆ. ಉಳ್ದ ದುಡ್ಡಲ್ಲೇ ಆಯ್ತದೆ."

ಜಿಎಸ್‌ಟಿ ಇಳಿದದ್ದು ನಿಜ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ತೆರಿಗೆ ಶೇ 28ರಿಂದ 18ಕ್ಕೆ ಬಂದಿದೆ. ಹತ್ತು ಇಳಿಯಿತೆಂದರೆ ಬೆಲೆಯೇ ಶೇ 10 ಇಳಿದಂತಲ್ಲ. 1,28,000ಕ್ಕಿದ್ದ ಗಾಡಿ 1,18,000ಕ್ಕೆ ಬರುತ್ತದೆ, ಅಂದರೆ ಶೇ 8ಕ್ಕೂ ಒಂದು ಚೂರು ಕಮ್ಮಿ. ಆ ಹತ್ತು ಸಾವಿರದಲ್ಲಿ ಟ್ರ್ಯಾಕ್ ಮುಗಿಸಿಬರುತ್ತೇನೆ ಎಂಬುದು ಹುಡುಗನ ಲೆಕ್ಕ. ನನ್ನ ಲೆಕ್ಕವೂ ಒಂದು ಕಾಲಕ್ಕೆ ಹೀಗೇ ಇತ್ತು. ಸಹಕಾರ ಸಂಘದಲ್ಲಿ ಇಪ್ಪತ್ತು ವರ್ಷದಿಂದ ಊರವರ ಲೆಕ್ಕ ಬರೆಯುತ್ತಿರುವ ನನಗೇ ಹೀಗಾಯಿತಲ್ಲ ಅಂತ ಇವತ್ತಿಗೂ ನಾಚಿಕೆ.

ನನ್ನದು 2018ರ ಅಪಾಚೆ ಆರ್‌ಟಿಆರ್ 160, ನಾಲ್ಕು ವಾಲ್ವಿನದು. ಮೂರು ವರ್ಷ ಓಡಿದ್ದನ್ನು 62,000ಕ್ಕೆ ನಗದು ಕೊಟ್ಟು ಕೊಂಡೆ. ಹದಿನಾರೂವರೆ ಪಿಎಸ್ ಕಸುವು. ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್‌ಗೂ ಹೆಚ್ಚುಕಡಿಮೆ ಇಷ್ಟೇ ಇತ್ತು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದಾಗ ಅತ್ತವರನ್ನು ನಾನೇ ನೋಡಿದ್ದೇನೆ. ಅವರ ಮುಂದೆ ಅಪಾಚೆಯ ಹೆಸರು ಎತ್ತಿದರೆ ಬೈಸಿಕೊಳ್ಳಬೇಕು. ಇರಲಿ. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವುದು, ಸಂಘದ ಕೆಲಸಕ್ಕೆ ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತುವುದು, ಸಂತೆಗೆ ಹೋಗುವುದು, ಎಲ್ಲ ಇದೇ ಗಾಡಿಯಲ್ಲಿ. ಇದನ್ನೇ 2024ರ ಫೆಬ್ರವರಿಯಲ್ಲಿ ಟ್ರ್ಯಾಕಿಗೆ ಒಯ್ದೆ.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಅಲ್ಲಿ ಗೆದ್ದವನಿಲ್ಲ, ಕಪ್ಪಿಲ್ಲ. ದುಡ್ಡು ಕಟ್ಟಿದವರನ್ನು ಹೊಸಬರು, ನುರಿತವರು ಎಂದು ಗುಂಪು ಮಾಡಿ ಸರದಿಯ ಮೇಲೆ ಬಿಡುತ್ತಾರೆ. ಎದುರಿಂದ ಟ್ರ್ಯಾಕ್ಟರ್ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ಪಕ್ಕದಲ್ಲೇ ಆಂಬುಲೆನ್ಸ್ ನಿಂತಿರುತ್ತದೆ. ಹಳದಿ ಬಾವುಟ ಕಂಡರೆ ನಿಧಾನ, ಯಾರನ್ನೂ ಹಿಂದಿಕ್ಕುವಂತಿಲ್ಲ. ಕೆಂಪು ಕಂಡರೆ ಸರದಿ ನಿಂತಿತು, ಮೆಲ್ಲಗೆ ಒಳಗೆ ಬರಬೇಕು. ನಮ್ಮ ಕಡೆಗೆ ಹತ್ತಿರದ್ದು ಕೊಯಮತ್ತೂರಿನ ಚೆಟ್ಟಿಪಾಳ್ಯದ ಕರಿ ಮೋಟಾರ್ ಸ್ಪೀಡ್‌ವೇ. ಒಂದು ಸುತ್ತಿಗೆ ಸುಮಾರು 2.1 ಕಿಲೋಮೀಟರ್. 'ಕರಿ' ಎಂದರೆ ನಮ್ಮ ಆನೆಯಲ್ಲ. ಮಾರುತಿ ಎಂಜಿನ್ ಹಾಕಿ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು. ಇನ್ನೊಂದು ಟ್ರ್ಯಾಕ್ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿದೆ. 3.7 ಕಿಲೋಮೀಟರಿನ ಅದು ನಮಗೆ ದೂರ.

ಖರ್ಚಿನ ಚೀಟಿ ಇನ್ನೂ ನನ್ನ ಡೈರಿಯಲ್ಲಿದೆ. ಹೋಗುವ ಮೊದಲು ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು, ಎಂಜಿನ್ ಆಯಿಲು, ಕ್ಲಚ್ ಕೇಬಲ್ಲು, ಮೆಕ್ಯಾನಿಕ್ಕಿನ ಕೂಲಿ ಸೇರಿ 2,430. ಆಯಿಲ್ ಬೋಲ್ಟ್ ಸಡಿಲವಾಗಿ ಟ್ರ್ಯಾಕಿನ ಮೇಲೆ ಸುರಿಯದಂತೆ ತಂತಿ ಬಿಗಿಯಬೇಕು, ಹೆಡ್‌ಲೈಟಿಗೆ ಟೇಪ್ ಸುತ್ತಬೇಕು, ಕನ್ನಡಿ ಬಿಚ್ಚಬೇಕು. ಹುಣಸೂರಿನ ನಮ್ಮ ಮೆಕ್ಯಾನಿಕ್ "ಯಾಕಣ್ಣ, ಗಾಡಿ ಕದ್ಕಂಡ್ ಹೋಗ್ತಿದೀಯಾ?" ಅಂದ. ಕೂಲಂಟ್ ಇರುವ ಗಾಡಿಯಾದರೆ ಅದನ್ನು ಚೆಲ್ಲಿ ಬರೀ ನೀರು ತುಂಬಬೇಕು. ನನ್ನದು ಗಾಳಿಯಲ್ಲೂ ಆಯಿಲಿನಲ್ಲೂ ತಣ್ಣಗಾಗುವ ಎಂಜಿನ್, ಆ ಕೆಲಸ ಉಳಿಯಿತು. ಶುಲ್ಕ 6,500. ಚರ್ಮದ ಸೂಟು, ಬೂಟು ಬಾಡಿಗೆ 2,500. ಮಣಿಕಟ್ಟು ಮುಚ್ಚುವ ಗ್ಲೌಸು 2,800. ಅದು ಈಗಲೂ ಉಪಯೋಗಕ್ಕಿದೆ. ಪೆಟ್ರೋಲ್ 1,030, ಎರಡು ರಾತ್ರಿ ಲಾಡ್ಜು 2,200, ಊಟ 900. ಒಟ್ಟು 18,360. ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ತಿರುವು ಇಳಿದು ಶನಿವಾರ ಸಂಜೆಗೆ ಕೊಯಮತ್ತೂರು ಸೇರಿದಾಗಲೇ ಸೊಂಟ ಹಿಡಿದಿತ್ತು. ಸುಸ್ತು ಚೀಟಿಯಲ್ಲಿ ಇರುವುದಿಲ್ಲ ನೋಡಿ.

ಭಾನುವಾರ ಬೆಳಿಗ್ಗೆ ಮೊದಲ ಸರದಿಯಲ್ಲೇ ಒಂದು ವಿಷಯ ಗೊತ್ತಾಯಿತು: ಇಪ್ಪತ್ತೈದು ವರ್ಷದಿಂದ ಬೈಕ್ ಓಡಿಸುತ್ತಿದ್ದರೂ ನನಗೆ ಬ್ರೇಕ್ ಹಿಡಿಯಲು ಬರುತ್ತಿರಲಿಲ್ಲ. ಗಾಡಿ ನೆಟ್ಟಗಿರುವಾಗಲೇ ಬ್ರೇಕ್ ಮುಗಿಸಬೇಕು, ವಾಲಿಸಿದ ಮೇಲೆ ಮುಟ್ಟಬಾರದು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆ ಇರಬೇಕು. ದೊಡ್ಡ ಗಾಡಿಯವರು ತಿರುವಿನಲ್ಲಿ ತಪ್ಪಿದರೂ ನೇರ ರಸ್ತೆ ಸಿಕ್ಕಾಗ ಆಕ್ಸಿಲರೇಟರ್ ತಿರುವಿ ತಪ್ಪನ್ನು ಮುಚ್ಚಿಕೊಳ್ಳುತ್ತಾರೆ. 160 ಸಿಸಿಯಲ್ಲಿ ಆ ಸೌಕರ್ಯವಿಲ್ಲ. ತಿರುವಿನಲ್ಲಿ ಕಳೆದುಕೊಂಡ ವೇಗ ಮತ್ತೆ ಬರಲು ಇಡೀ ನೇರ ರಸ್ತೆ ಬೇಕು, ಅಷ್ಟರಲ್ಲಿ ಮುಂದಿನ ತಿರುವು. ಹಾಗಾಗಿ ಪಾಠ ಹತ್ತುವುದು ಸಣ್ಣ ಗಾಡಿಯಲ್ಲೇ. ಟೈರು ಬೇಗ ಸವೆಯುವುದಿಲ್ಲ, ಪ್ಯಾಡು ಅಗ್ಗ, ಪಾರ್ಟು ಹುಣಸೂರಿನಲ್ಲೇ ಸಿಗುತ್ತದೆ.

ಮೂರು ಸರದಿ ದೇವರಂತೆ ನಡೆದವು. ನಾಲ್ಕನೆಯದು ಊಟದ ಮೇಲೆ. ಐದನೇ ನಿಮಿಷಕ್ಕೆ, ಮುಂದಿದ್ದ ಹುಡುಗನನ್ನು ನೋಡುತ್ತಾ ತಿರುವು ಮರೆತೆ. ವಾಲಿದ ಗಾಡಿಯ ಮುಂದಿನ ಬ್ರೇಕನ್ನು ಸಂತೆಯಲ್ಲಿ ನಾಯಿ ಅಡ್ಡ ಬಂದಾಗ ಹಿಡಿಯುವ ಹಾಗೆ ಹಿಡಿದೆ. ಬೇಡ ಅಂತ ಬೆಳಿಗ್ಗೆಯೇ ಎರಡು ಸಲ ಹೇಳಿದ್ದರು. ನನಗೆ ಹೆಬ್ಬೆರಳು ಉಳುಕಿದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಡಿಯ ಎಡಗಡೆ ಮಾತ್ರ ತುರಿಮಣೆಗೆ ಸಿಕ್ಕ ಕೊಬ್ಬರಿಯಂತಾಗಿತ್ತು.

ಎರಡನೇ ಚೀಟಿ ಅಲ್ಲಿಂದ ಶುರು. ಕಾಲಿಡುವ ಪೆಗ್ಗು ಮುರಿದ ಗಾಡಿಯಲ್ಲಿ ಘಾಟಿ ಹತ್ತಲು ಆಗದು. ಪಾರ್ಸೆಲ್ ಲಾರಿಯಲ್ಲಿ ಮೈಸೂರಿಗೆ ಹಾಕಿದೆ, 2,600. ನಾನು ಬಸ್ಸಿನಲ್ಲಿ ಬಂದೆ, 350. ಬಾಡಿಗೆ ಸೂಟು ಸವೆದದ್ದಕ್ಕೆ 3,000 ಹಿಡಿದುಕೊಂಡರು. ಬಾಡಿಗೆಗೆ ತೆಗೆದುಕೊಳ್ಳುವಾಗ ಸಹಿ ಹಾಕಿದ ಕಾಗದದಲ್ಲಿ ಅದು ಇತ್ತು, ನಾನು ಓದಿರಲಿಲ್ಲ. ಲಿವರ್, ಹ್ಯಾಂಡಲ್, ಪೆಗ್ಗು, ಎಂಜಿನ್ನಿನ ಎಡಗಡೆಯ ಕವರು, ಫೋರ್ಕ್ ನೆಟ್ಟಗೆ ಮಾಡಿಸಿದ್ದು, ಕೂಲಿ ಸೇರಿ 4,160. ಹೀಗೆ 10,110. ಎರಡೂ ಚೀಟಿ ಕೂಡಿದರೆ 28,470. ಟ್ರ್ಯಾಕಿನ ಮೇಲೆ ನಾನು ಇದ್ದದ್ದು 50 ನಿಮಿಷ. ನಿಮಿಷಕ್ಕೆ 570 ರೂಪಾಯಿ ಬಿತ್ತು. ಮನೆಯವಳಿಗೆ ಹೇಳುವಾಗ ಒಟ್ಟು ಮೊತ್ತ ಹೇಳಿದೆ, ನಿಮಿಷದ ಲೆಕ್ಕ ಹೇಳಲಿಲ್ಲ.

ಇನ್ಶೂರೆನ್ಸ್ ಇತ್ತಲ್ಲ, ಅನ್ನುತ್ತೀರಿ. ಇತ್ತು. ಪೂರ್ತಿ ಕವರ್ ಇತ್ತು, ಮೂರನೆಯವರ ವಿಮೆಯ 1,366 ರೂಪಾಯಿಯನ್ನೂ ಕಟ್ಟಿದ್ದೆ. ನಿಮ್ಮ ಬೈಕಿನ ಪಾಲಿಸಿಯನ್ನು ಈಗಲೇ ತೆಗೆದು ನೋಡಿ. ಗಾಡಿಯನ್ನು ಯಾವುದಕ್ಕೆ ಬಳಸಬಹುದು ಎಂದು ಬರೆದಿರುವಲ್ಲಿ ಯಾವುದಕ್ಕೆ ಬಳಸಬಾರದು ಎಂಬ ಪಟ್ಟಿಯೂ ಇರುತ್ತದೆ: ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು, ಏರ್ಪಡಿಸಿದ ರೇಸು, ವೇಗದ ಪರೀಕ್ಷೆ, ಗಾಡಿಯ ತಾಳಿಕೆಯ ಪರೀಕ್ಷೆ. ಟ್ರ್ಯಾಕ್ ಡೇ ರೇಸ್ ಅಲ್ಲವಲ್ಲ ಎಂದು ವಾದ ಹೂಡಬಹುದು. ನಾಲ್ಕು ಸಾವಿರದ ಕ್ಲೇಮಿಗಾಗಿ ಆ ವಾದ ಹಿಡಿದು ಅಲೆಯುವವರು ಅಲೆಯಲಿ. ಹೋಗುವ ಮೊದಲು ನಮ್ಮ ಏಜೆಂಟರಿಗೆ ಬರೆದು ಕೇಳಿದ್ದೆ, ಉತ್ತರ ಬರಲಿಲ್ಲ. ಉತ್ತರ ಬಾರದೆಯೇ ಹೊರಟದ್ದು ನನ್ನ ತಪ್ಪು. ಸಾಲಗಾರನ ಕಾಗದ ಪೂರ್ತಿಯಾಗದೆ ಸಂಘದಲ್ಲಿ ನಾನು ಒಂದು ರೂಪಾಯಿ ಬಿಡುವವನಲ್ಲ.

ಆರೋಗ್ಯ ವಿಮೆಯ ಕತೆ ಸ್ವಲ್ಪ ಬೇರೆ. ಅಲ್ಲಿ ಸಾಹಸ ಕ್ರೀಡೆಯನ್ನು ಹೊರಗಿಡುವ ಕಲಮಿನಲ್ಲಿ ಮೋಟಾರ್ ರೇಸಿನ ಹೆಸರೇ ಇದೆ, ಆದರೆ 'ವೃತ್ತಿಪರನಾಗಿ' ಭಾಗವಹಿಸಿದರೆ ಎಂಬ ಮಾತೂ ಜೊತೆಗಿದೆ. ವೈಯಕ್ತಿಕ ಅಪಘಾತ ಪಾಲಿಸಿಯಲ್ಲಿ ಆ ಮಾತು ಇದೆಯೋ ಇಲ್ಲವೋ, ಕನ್ನಡಕ ಹಾಕಿಕೊಂಡೇ ನೋಡಬೇಕು. ಟ್ರ್ಯಾಕಿನ ಗೇಟಿನಲ್ಲಿ ಬರೆದುಕೊಟ್ಟ ಮುಚ್ಚಳಿಕೆಯಂತೂ ಸ್ಪಷ್ಟವಾಗಿತ್ತು: ಏನಾದರೂ ನನ್ನದೇ ಹೊಣೆ.

ಅದೇ ದಿನ ಇನ್ನೊಬ್ಬ ಹುಡುಗನೂ ಬಿದ್ದಿದ್ದ. ಎರಡು ಲಕ್ಷದ ಹೊಸ ಗಾಡಿ, ಸಾಲದ್ದು. "ಅಂಕಲ್, ಊರ ರೋಡಲ್ಲಿ ಬಿದ್ದೆ ಅಂತ ಕ್ಲೇಮ್ ಹಾಕಿದ್ರೆ ಆಗಲ್ವಾ?" ಎಂದು ಕೇಳಿದ. ಸುಳ್ಳು ಕ್ಲೇಮು ಮೋಸ, ಅದಕ್ಕೆ ಮುಂದೆ ಮಾತಿಲ್ಲ. ಅಲ್ಲದೆ ಸರ್ವೇಗೆ ಬರುವವನು ದಡ್ಡನಲ್ಲ. ಹೆಡ್‌ಲೈಟಿನ ಮೇಲೆ ಟೇಪಿನ ಅಂಟು ಉಳಿದಿರುತ್ತದೆ, ಕನ್ನಡಿ ಇರುವುದಿಲ್ಲ, ಇವನೇ ಹಾಕಿದ ವಿಡಿಯೋ ಫೋನಿನಲ್ಲಿ ಓಡಾಡುತ್ತಿರುತ್ತದೆ.

ಆ ಹುಡುಗನ ಮುಖ ನೋಡಿದಾಗ ನಮ್ಮಪ್ಪ ನೆನಪಾದರು. ನಮ್ಮೂರು ಕೆ.ಆರ್. ನಗರ ತಾಲ್ಲೂಕು, ಚುಂಚನಕಟ್ಟೆಯ ಪಕ್ಕ. ದನದ ಜಾತ್ರೆಯಲ್ಲಿ ಅಪ್ಪ ಒಂದು ವರ್ಷ ಹಳ್ಳಿಕಾರ್ ಜೋಡಿ ತಂದಿದ್ದರು. ನೋಡಿದವರೆಲ್ಲ ಗಾಡಿ ಓಟಕ್ಕೆ ಕಟ್ಟು ಅಂತ ದುಂಬಾಲು ಬಿದ್ದರು. ಚಿಕ್ಕಪ್ಪನಿಗೂ ಆಸೆ. ಅಪ್ಪ ಎಲೆಯಡಿಕೆ ಉಗುಳಿ ಒಂದೇ ಮಾತು ಕೇಳಿದರು: "ಭಾನುವಾರ ಓಡುಸ್ತೀಯ. ಸೋಮವಾರ ಬಸವನ ವಾರ, ಕಟ್ಟಂಗಿಲ್ಲ, ಸರಿ. ಮಂಗಳವಾರ ಉಳಾಕೆ ಏನ್ ಕಟ್ತೀಯ?" ಓಟದ ಎತ್ತನ್ನೇ ಬೇರೆ ಸಾಕುವ ದೊಡ್ಡ ಕುಳಗಳು ಆಗಲೂ ಇದ್ದರು. ಲಕ್ಷಗಟ್ಟಲೆ ಸುರಿದರೂ ಅವರನ್ನು ಯಾರೂ ಹುಚ್ಚರು ಅನ್ನುತ್ತಿರಲಿಲ್ಲ, ಅವರ ಉಳುವ ಜೋಡಿ ಕೊಟ್ಟಿಗೆಯಲ್ಲಿ ಬೇರೆಯೇ ಇರುತ್ತಿತ್ತು. ಬೈಕಿಗೆ ಬಸವನ ವಾರವೂ ಇಲ್ಲ. ಸೋಮವಾರ ಬೆಳಿಗ್ಗೆಯೇ ಬೇಕು. ನನ್ನ ಗಾಡಿ ಲಾರಿ ಇಳಿದು ರಿಪೇರಿಯಾಗಿ ಬರಲು ಹನ್ನೊಂದು ದಿನ ಹಿಡಿಯಿತು, ಅಷ್ಟೂ ದಿನ ಮಗಳು ಆಟೋದಲ್ಲಿ ಹೋದಳು. ಆ ಬಾಡಿಗೆಯನ್ನು ನಾನು ಚೀಟಿಗೆ ಸೇರಿಸಿಯೇ ಇಲ್ಲ.

ಇಷ್ಟೆಲ್ಲ ಹೇಳಿದರೂ ನಮ್ಮ ಹುಡುಗ ಜಗ್ಗಲಿಲ್ಲ. "ಬಿಗ್ ಬಾಸ್ ಅರವಿಂದ್ ಏನ್ ಬೀಳ್ನೇ ಇಲ್ವಾ ಮಾವ?" ಅಂದ. ಕೆ.ಪಿ. ಅರವಿಂದ್ ಡಕಾರ್ ರ‍್ಯಾಲಿಗೆ ಹೋದದ್ದು ಟಿವಿಎಸ್ ತಂಡದವರಾಗಿ. ಗಾಡಿ ತಂಡದ್ದು, ಮೆಕ್ಯಾನಿಕ್ಕೂ ತಂಡದವರೇ. ನಿನ್ನ ತಂಡ ಯಾವುದಪ್ಪ, ನಿಮ್ಮಪ್ಪನ ಎರಡು ಬ್ಯಾರನ್ನಾ, ಎಂದೆ. ಸ್ವಲ್ಪ ಜೋರಾಯಿತು ಅಂತ ಆಮೇಲೆ ಅನ್ನಿಸಿತು.

ಅವನು ತಂದಿದ್ದ ಶೋರೂಮಿನ ಚೀಟಿ ನೋಡಿದೆ. ಒಂದೂವರೆ ಲಕ್ಷ ಸಾಲ, ಮೂರು ವರ್ಷ, 'ಬರೀ 8 ಪರ್ಸೆಂಟ್ ಫ್ಲ್ಯಾಟ್'. ಫ್ಲ್ಯಾಟ್ ಅಂದರೆ ತೀರಿಸಿದ ಅಸಲಿಗೂ ಬಡ್ಡಿ ಕಟ್ಟುವುದು. ವರ್ಷಕ್ಕೆ 12,000ದಂತೆ 36,000 ಬಡ್ಡಿ, ಕಂತು 5,167. ನಮ್ಮ ಸಂಘದ ಲೆಕ್ಕದ ಹಾಗೆ ಇಳಿಯುವ ಅಸಲಿನ ಮೇಲೆ ಹಾಕಿದರೆ ಇದು ಹೆಚ್ಚುಕಡಿಮೆ ಹದಿನಾಲ್ಕೂವರೆ ಪರ್ಸೆಂಟ್. ಹೀಗೆ ಇಳಿಯುವ ಅಸಲಿನ ಮೇಲೆ ಶೇ 12ರ ಸಾಲ ಸಿಕ್ಕರೆ ಕಂತು 4,980ರ ಸುಮಾರಿಗೆ ಬರುತ್ತದೆ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಕೂತಿರುತ್ತದೆ. ಗಾಡಿ ಟ್ರ್ಯಾಕಿನಲ್ಲಿ ನಜ್ಜುಗುಜ್ಜಾದರೂ ಕಂತು ನಿಲ್ಲುವುದಿಲ್ಲ, ವಿಮೆಯನ್ನೂ ನಂಬುವಂತಿಲ್ಲ.

ಹಾಗಂತ ಹೋಗಬೇಡ ಅನ್ನಲೂ ಬಾಯಿ ಬರಲಿಲ್ಲ. ಬಿಳಿಕೆರೆಯ ಹತ್ತಿರ ಹೆದ್ದಾರಿಯಲ್ಲಿ ಬೆಳಗಿನ ಜಾವ ಇವನ ಜೊತೆಯವರು ಏನು ಮಾಡುತ್ತಾರೆಂದು ನನಗೆ ಗೊತ್ತು. ಅಲ್ಲಿ ಶುಲ್ಕವಿಲ್ಲ. ರಸ್ತೆಯಲ್ಲಿ ರೇಸ್ ಹಚ್ಚಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 5,000ದವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡನೇ ಸಲಕ್ಕೆ 10,000 ಅಥವಾ ಒಂದು ವರ್ಷ. ಎದುರಿಗೆ ಕಬ್ಬಿನ ಲಾರಿ ಬಂದರೆ ಈ ಲೆಕ್ಕ ಯಾವುದೂ ಇಲ್ಲ.

ಕೊನೆಗೆ ಒಪ್ಪಂದವಾಯಿತು. ಹೊಸ ಗಾಡಿ ಸದ್ಯಕ್ಕಿಲ್ಲ. ನನ್ನ ಅಪಾಚೆಯನ್ನೇ ಒಯ್ಯಲಿ, ಅದಕ್ಕೀಗ ಮಾರಿದರೆ 40,000 ಬಂದರೆ ಹೆಚ್ಚು. ಮಗಳನ್ನು ಬಿಡಲು ಮನೆಯವಳ ಸ್ಕೂಟರ್ ಬಂದಿದೆ. ಶುಲ್ಕ, ದಾರಿಖರ್ಚು ಅವನದು. ಅದರ ಮೇಲೆ, ಬಿದ್ದರೆ ಎತ್ತಿಕೊಂಡು ಬರಲು ಮೊದಲೇ ಪೋಸ್ಟಾಫೀಸಿನ ಖಾತೆಗೆ 10,000 ಹಾಕಿರಬೇಕು. ಬೀಳದೆ ಬಂದರೆ ಅದು ಅವನದೇ. ಮೂಗು ಮುರಿದ, ಆಮೇಲೆ ಒಪ್ಪಿದ. ಹೋದ ವಾರ ಕಂಪಲಾಪುರದಲ್ಲಿ ಅವರ ಎರಡನೇ ಸಲದ ಬೇಲು ಹೋಯಿತಂತೆ, ಅವರಪ್ಪ ಕೊಟ್ಟದ್ದರಲ್ಲಿ 6,500 ಹಾಕಿ ಪಾಸ್‌ಬುಕ್ಕಿನ ಫೋಟೋ ಕಳಿಸಿದ್ದಾನೆ. ಉಳಿದ ಮೂರೂವರೆ ಸಾವಿರಕ್ಕೆ ಕೊನೇ ಬೇಲು ಕಾಯಬೇಕು. ಅದು ಕೆಳಗಿನ ಎಲೆ, ಗ್ರೇಡ್ ಕಮ್ಮಿ ಬರಬಹುದು ಅಂತ ಅಕ್ಕನ ಗೊಣಗಾಟ.